ನೀರು ಹೊರುವಷ್ಟು

ಹರಿಹರದಲ್ಲಿ ತುಂಗಭದ್ರೆಗೆ ಇಳಿದವರಿಗೆಲ್ಲ ಗೊತ್ತು: ನೀರು ಸೊಂಟಕ್ಕೆ ಬಂದಾಗ ಮೈ ಹಗುರಾಗುತ್ತದೆ. ಮುಳುಗಿದ ವಸ್ತು ಎಷ್ಟು ನೀರನ್ನು ಸರಿಸುತ್ತದೋ, ಆ ನೀರಿನ ತೂಕದಷ್ಟೇ ಬಲ ಅದನ್ನು ಮೇಲಕ್ಕೆ ಒತ್ತುತ್ತದೆ. ಆರ್ಕಿಮಿಡೀಸ್ ಕಂಡ ತತ್ವವಿದು. ಸೊಂಟದವರೆಗೆ ನೀರಿದ್ದರೆ ಕಾಲಿಗೆ ಬೀಳುವುದು ಮೈತೂಕದ ಸುಮಾರು ಅರ್ಧ. ಕತ್ತಿನವರೆಗಾದರೆ ಹತ್ತರಲ್ಲೊಂದು ಪಾಲು. ನೆಲದ ಮೇಲೆ ನಿಲ್ಲಲಾರದ ಮಂಡಿ ಅಲ್ಲಿ ಹೆಜ್ಜೆಯಿಡುತ್ತದೆ. ಜಲಚಿಕಿತ್ಸೆಯ ತಿರುಳು ಇದೇ.

ಆದರೆ ನೀರು ಭಾರ ಹೊರುತ್ತದೆಯೇ ಹೊರತು ನಮಗಾಗಿ ನಡೆಯುವುದಿಲ್ಲ. ಕಾಲನ್ನು ಜೋರಾಗಿ ಬೀಸಿದಷ್ಟೂ ತಡೆಯುತ್ತದೆ. ಆ ತಡೆಯೇ ಸ್ನಾಯುವಿಗೆ ವ್ಯಾಯಾಮ. ಬಲ ಬಂದಂತೆ ರೋಗಿಯನ್ನು ಆಳ ಕಡಿಮೆಯಿರುವ ಕಡೆಗೆ ತರುತ್ತಾರೆ.

ನಮ್ಮ ಮನೆಗಳಲ್ಲಿ ನಡೆಯುವುದು ಬೇರೆ. ಲಕ್ವ ಹೊಡೆದ ಅಪ್ಪ ದಾವಣಗೆರೆಯ ಆಸ್ಪತ್ರೆಯಿಂದ ಮನೆಗೆ ಬಂದರೆ ತುತ್ತು ನಾವೇ ಇಡುತ್ತೇವೆ, ಅಂಗಿಯ ಗುಂಡಿ ನಾವೇ ಹಾಕುತ್ತೇವೆ. ಅದು ಪ್ರೀತಿಯೇ. ಆದರೆ ಬಳಸದ ಕೈ ಇನ್ನಷ್ಟು ಸೋಲುತ್ತದೆ. ಹಾಗೆಂದು 'ನಿಮ್ಮ ಕೆಲಸ ನೀವೇ ಮಾಡಿಕೊಳ್ಳಿ' ಎಂದು ದೂರ ನಿಲ್ಲುವುದು ಕ್ರೌರ್ಯ.

ಎಲ್ಲರೂ ಗುಣವಾಗುವುದೂ ಇಲ್ಲ. ಕಾಲಿನ ಸ್ವಾಧೀನ ಕಳೆದುಕೊಂಡಿದ್ದ ಅಮೆರಿಕದ ಫ್ರಾಂಕ್ಲಿನ್ ರೂಸ್‌ವೆಲ್ಟ್ 1924ರಲ್ಲಿ ವಾರ್ಮ್ ಸ್ಪ್ರಿಂಗ್ಸ್‌ನ ಬಿಸಿನೀರಿಗೆ ಇಳಿದರು. ಆದರೂ ನೆಲದ ಮೇಲೆ ಆಸರೆಯಿಲ್ಲದೆ ಮತ್ತೆ ನಡೆಯಲಿಲ್ಲ. ಕೊನೆಯವರೆಗೂ ಬೇಕಾಗುವ ಆಸರೆ ಸೋಲಲ್ಲ. ಬೇಡದ ಕಡೆ ಕೊಟ್ಟ ಆಸರೆ ಮಾತ್ರ ಇನ್ನೊಬ್ಬರ ಪಾಲಿನ ಹೆಜ್ಜೆಯನ್ನು ಕಸಿಯುತ್ತದೆ.

ಒಂದೇ ಮೂರ್ತಿಯಲ್ಲಿ ಹರಿಯನ್ನೂ ಹರನನ್ನೂ ಪೂಜಿಸುವ ಊರಿಗೆ ಇದು ಹೊಸದಲ್ಲ: ಹಿಡಿಯುವುದು, ಬಿಡುವುದು ಎರಡೂ ಒಂದೇ ಕೈಯ ಕೆಲಸ. ಅಪ್ಪ ಎರಡು ತುತ್ತು ಚೆಲ್ಲಲಿ. ಮೂರನೆಯದು ಬಾಯಿ ಮುಟ್ಟುವವರೆಗೆ ಪಕ್ಕದಲ್ಲೇ ಕೂತು ಕಾಯೋಣ.