ಸುಮ್ಮನಾದದ್ದು ಗುಣವಾದದ್ದೇ?

ಗುಬ್ಬಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಸೋದರಮಾವನನ್ನು ತುಮಕೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು. ಎರಡನೆಯ ರಾತ್ರಿ ಅವರು ಕೂಗಾಡಿ ಡ್ರಿಪ್ ಕಿತ್ತೆಸೆದರು. ಹ್ಯಾಲೊಪೆರಿಡಾಲ್ ಇಂಜೆಕ್ಷನ್ ಕೊಟ್ಟ ಮೇಲೆ ವಾರ್ಡು ಶಾಂತವಾಯಿತು. ಕುಣಿಗಲ್ಲಿನಿಂದ ಬಂದಿದ್ದ ನಾವೆಲ್ಲ ನೆಮ್ಮದಿಯಿಂದ ಮಲಗಿದೆವು. ಆ ನೆಮ್ಮದಿಯ ಬಗ್ಗೆಯೇ ನನಗೀಗ ಅನುಮಾನ.

ಇಂಜೆಕ್ಷನ್ ಇನ್ನೆರಡು ದಿನ ಮುಂದುವರಿಯಿತು. ಮಾವ ಮಾತು ಬಿಟ್ಟರು, ಜ್ವರ ಏರಿತು. ಗಾಯಕ್ಕೆ ಸೋಂಕು ತಗುಲಿರಬೇಕೆಂದರು. ಮೈ ಒರೆಸುತ್ತಿದ್ದ ಅತ್ತೆ ಮಾತ್ರ, “ಕೈ ಮಡಚಕ್ಕೇ ಬರ್ತಿಲ್ಲ ಕಣೋ, ಒನಕೆ ಥರ ಆಗೈತೆ” ಅಂದರು. ಪೆಟ್ಟು ಬಿದ್ದ ಮೈ ಬಿಗಿಯುವುದು ಸಹಜ ಎಂದು ನಾನೇ ಅವರ ಬಾಯಿ ಮುಚ್ಚಿಸಿದೆ. ಮರುದಿನ ಕಿರಿಯ ವೈದ್ಯೆಯೊಬ್ಬರು ಅದೇ ಮಾತನ್ನು ಕೇಳಿಸಿಕೊಂಡು, ಕೈ ಮಡಚಿ ನೋಡಿ, ಇಂಜೆಕ್ಷನ್ ನಿಲ್ಲಿಸಿ ರಕ್ತಪರೀಕ್ಷೆಗೆ ಬರೆದರು. ಸ್ನಾಯು ಹಾನಿಯನ್ನು ತೋರಿಸುವ ಕ್ರಿಯಾಟಿನ್ ಕೈನೇಸ್ ವಿಪರೀತ ಏರಿತ್ತು.

ಇದು ನ್ಯೂರೊಲೆಪ್ಟಿಕ್ ಮ್ಯಾಲಿಗ್ನಂಟ್ ಸಿಂಡ್ರೋಮ್. ಅಪರೂಪ, ಆದರೆ ಪ್ರಾಣಾಂತಕ. ಔಷಧಿ ಮೆದುಳಿನಲ್ಲಿ ಡೋಪಮೈನಿನ ಕೆಲಸವನ್ನು ತಡೆದಾಗ ಸ್ನಾಯು ಸೆಟೆಯುತ್ತದೆ, ಜ್ವರ ಏರುತ್ತದೆ, ಪ್ರಜ್ಞೆ ಮಸುಕಾಗುತ್ತದೆ, ನಾಡಿ ಮತ್ತು ರಕ್ತದೊತ್ತಡ ಹದ ತಪ್ಪುತ್ತವೆ. ಗಾಯಾಳುವಿನಲ್ಲಿ ಈ ನಾಲ್ಕಕ್ಕೂ ಬೇರೆ ಬೇರೆ ಸಮಜಾಯಿಷಿ ಸಿದ್ಧವಿರುತ್ತದೆ: ಜ್ವರಕ್ಕೆ ಸೋಂಕು, ಬಿಗಿತಕ್ಕೆ ಧನುರ್ವಾಯು, ಮಂಪರಿಗೆ ತಲೆಪೆಟ್ಟು, ನಾಡಿಗೆ ನೋವು. ನಾಲ್ಕನ್ನೂ ಒಟ್ಟಿಗಿಟ್ಟು, ‘ಯಾವ ಔಷಧಿ ಯಾವಾಗ ಶುರುವಾಯಿತು?’ ಎಂದು ಕೇಳಿದವರಿಗಷ್ಟೇ ಇದು ಕಾಣುತ್ತದೆ.

1952ರಲ್ಲಿ ಕ್ಲೋರ್‌ಪ್ರೊಮಜೈನನ್ನು ಮನೋರೋಗ ಚಿಕಿತ್ಸೆಗೆ ತಂದವರಲ್ಲಿ ಫ್ರಾನ್ಸಿನ ಝಾನ್ ದಲೇ ಪ್ರಮುಖರು. 1960ರಲ್ಲಿ ಹ್ಯಾಲೊಪೆರಿಡಾಲನ್ನು ಪರೀಕ್ಷಿಸುತ್ತ ಈ ಅಪಾಯವನ್ನು ದಾಖಲಿಸಿದವರೂ ಅವರು ಮತ್ತು ಅವರ ಸಂಗಡಿಗರೇ. ತಾವು ನೆಚ್ಚಿದ ಮದ್ದಿನ ಮೇಲೆಯೇ ಅನುಮಾನ ಇಟ್ಟುಕೊಳ್ಳುವುದು ಸಣ್ಣ ನೈತಿಕತೆಯಲ್ಲ.

ಇಂಜೆಕ್ಷನ್ ಕೊಟ್ಟದ್ದೇ ತಪ್ಪು ಎನ್ನಲಾರೆ. ನಳಿಕೆ ಕೀಳುವ ರೋಗಿ ತನಗೇ ಅಪಾಯ. ಆದರೆ ಒಬ್ಬರನ್ನು ಸುಮ್ಮನಾಗಿಸುವಾಗ, ‘ನನಗೇನೋ ಆಗುತ್ತಿದೆ’ ಎಂದು ದೂರುವ ಅವರ ಶಕ್ತಿಯನ್ನೂ ಕಿತ್ತುಕೊಳ್ಳುತ್ತೇವೆ. ಆಗ ದೂರುವ ಹೊಣೆ ನಮ್ಮದಾಗುತ್ತದೆ. ಮಾವನ ಪರವಾಗಿ ಅತ್ತೆ ದೂರಿದರು. ತತ್ವಶಾಸ್ತ್ರದಲ್ಲಿ ಸಂಶೋಧನೆ ಮಾಡುವ ನಾನು ಅದನ್ನು ದಿಗಿಲೆಂದುಕೊಂಡೆ. ಅದು ನಿಜಕ್ಕೂ ಕೈಯಿಂದ ಮುಟ್ಟಿ ತಿಳಿದ ಸಾಕ್ಷ್ಯವಾಗಿತ್ತು.

ಮೈ ತಣಿಸಿ, ಡ್ರಿಪ್ ಏರಿಸಿ, ವಾರಗಟ್ಟಲೆ ಕಾದ ಮೇಲೆ ಮಾವ ಚೇತರಿಸಿಕೊಂಡರು. ಮೊದಲ ಸಲ ಅವರು ಮತ್ತೆ ಗೊಣಗಿದ ದಿನ ಅತ್ತೆ ಅತ್ತರು. ಆ ಗೊಣಗಾಟ ನನಗೂ ಹಿತವಾಗಿ ಕೇಳಿಸಿತು.