ಔಷಧವೂ ಉಪವಾಸವೂ: ದೇಹರಕ್ಷಣೆಯು ಧರ್ಮವೇ?

॥ ಶ್ರೀ ಧನ್ವಂತರಯೇ ನಮಃ ॥

ದ್ವಾದಶಿಯ ಬೆಳಗಿನ ಜಾವದಲ್ಲಿ ನಮ್ಮ ಗುಬ್ಬಿಯ ಕಡೆಯ ಮಾಧ್ವರ ಮನೆಗಳಲ್ಲಿ ಅಗಸೆಸೊಪ್ಪಿನ ಪಲ್ಯ ಸಿದ್ಧವಾಗಿರುತ್ತದೆ; ಎಲೆಯ ಮೇಲೆ ನೆಲ್ಲಿಕಾಯಿಯ ವ್ಯಂಜನವೂ ಇರುತ್ತದೆ. ಹಿಂದಿನ ದಿನ ನೀರನ್ನೂ ಮುಟ್ಟದ ಜಠರಕ್ಕೆ ಮೊದಲು ತೀರ್ಥ, ಅನಂತರ ಭಗವಂತನಿಗೆ ನಿವೇದಿತವಾದ ಈ ಅನ್ನ. ಇದು ನಮ್ಮ ಹಿರಿಯರಿಂದ ತಪ್ಪದೆ ನಡೆದುಬಂದ ಕ್ರಮ.

ಕೆಲವು ಕಾಲದ ಹಿಂದೆ ಅಂತಹ ಒಂದು ಪಾರಣೆ ಮುಗಿದ ಮೇಲೆ ಜಗಲಿಯಲ್ಲಿ ನಡೆದ ಮಾತುಕತೆ ಈ ಲೇಖನಕ್ಕೆ ಕಾರಣವಾಯಿತು. ಕಾಲೇಜಿನಲ್ಲಿ ಓದುವ ತರುಣನೊಬ್ಬನು, “ಏಕಾದಶಿ ಎಂದರೆ ಹೊಟ್ಟೆಗೆ ವಿಶ್ರಾಂತಿ. ಅಗಸೆಯಲ್ಲಿ ಸುಣ್ಣದ ಅಂಶ, ನೆಲ್ಲಿಯಲ್ಲಿ ಸಿ ಜೀವಸತ್ವ. ನಮ್ಮ ಹಿರಿಯರು ಆರೋಗ್ಯಕ್ಕಾಗಿಯೇ ಇದನ್ನೆಲ್ಲ ಏರ್ಪಡಿಸಿದರು” ಎಂದನು. ಪಕ್ಕದಲ್ಲಿದ್ದ ವೃದ್ಧರು ಒಪ್ಪಲಿಲ್ಲ. “ಆರೋಗ್ಯಕ್ಕೂ ಇದಕ್ಕೂ ಏನಪ್ಪಾ ಸಂಬಂಧ? ಕಾಯುವವನು ಶ್ರೀಹರಿ. ಅವನು ಕಾಯುವುದಾದರೆ ಮಾತ್ರೆಯೂ ಬೇಡ, ಮದ್ದೂ ಬೇಡ” ಎಂದರು. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವುಂಟು. ಇಬ್ಬರ ಮಾತಿನಲ್ಲಿಯೂ ಅಪಾಯವುಂಟು. ಅಪಾಯವು ಬರಿಯ ತರ್ಕದ್ದಲ್ಲವೆಂಬುದನ್ನು ನಾನು ನಮ್ಮ ಮನೆತನದಲ್ಲಿಯೇ ಕಂಡಿದ್ದೇನೆ.

ಕುಣಿಗಲ್ಲಿನಲ್ಲಿರುವ ನನ್ನ ಸೋದರತ್ತೆಯವರಿಗೆ ಈಗ ಎಪ್ಪತ್ತು ದಾಟಿದೆ. ಬಹುಕಾಲದಿಂದ ಮಧುಮೇಹವಿದೆ. ಮೂರು ವರ್ಷಗಳ ಹಿಂದಿನ ಒಂದು ಏಕಾದಶಿಯಂದು ಅವರು ಎಂದಿನಂತೆ ನಿರ್ಜಲ ಉಪವಾಸಕ್ಕೆ ಕುಳಿತರು. ವೈದ್ಯರ ಮಾತನ್ನು ಮೀರಬಾರದೆಂದು ಸಕ್ಕರೆಯ ಮಾತ್ರೆಯನ್ನು ಮಾತ್ರ ಒಂದು ಉದ್ಧರಣೆ ನೀರಿನಲ್ಲಿ ನುಂಗಿದರು. ಅನ್ನದೊಡನೆ ತೆಗೆದುಕೊಳ್ಳಬೇಕಾದ ಔಷಧವನ್ನು ಬರಿಯ ಹೊಟ್ಟೆಗೆ ಕೊಟ್ಟರೆ ರಕ್ತದಲ್ಲಿನ ಸಕ್ಕರೆಯು ಅಪಾಯದ ಮಟ್ಟಕ್ಕೆ ಇಳಿಯಬಹುದೆಂಬುದು ಅವರಿಗೆ ತಿಳಿದಿರಲಿಲ್ಲ. ದ್ವಾದಶಿಯ ಬೆಳಗ್ಗೆ ಸೊಸೆಯು ಎಬ್ಬಿಸಲು ಹೋದಾಗ ಅತ್ತೆಗೆ ಎಚ್ಚರವಿರಲಿಲ್ಲ. ಆಸ್ಪತ್ರೆಗೆ ಕರೆದೊಯ್ದು ನರಕ್ಕೆ ಗ್ಲೂಕೋಸ್ ಕೊಟ್ಟ ಮೇಲೆ ಕಣ್ಣು ಬಿಟ್ಟರು. ಹರಿಕೃಪೆಯಿಂದ ಪ್ರಾಣ ಉಳಿಯಿತು. ನೋಡಲು ಹೋದ ನನ್ನನ್ನು ಅವರು ಕೇಳಿದ ಮೊದಲ ಮಾತು: “ಪಾರಣೆಗೆ ಮುಂಚೆಯೇ ಸಕ್ಕರೆ ನೀರು ಒಳಗೆ ಹೋಯಿತಲ್ಲೋ. ನನ್ನ ವ್ರತ ಕೆಟ್ಟಿತೇ?”

ನನ್ನಲ್ಲಿ ಆಗ ಉತ್ತರವಿರಲಿಲ್ಲ. ದೇಹವನ್ನು ಕಾಪಾಡಿಕೊಳ್ಳುವುದು ಧರ್ಮವೋ, ಅಥವಾ ಧರ್ಮಕ್ಕೆ ಎದುರಾದ ದೇಹಮೋಹವೋ ಎಂಬ ಪ್ರಶ್ನೆಯು ಅಂದಿನಿಂದ ಮನಸ್ಸಿನಲ್ಲಿ ಉಳಿಯಿತು.

ಆಯುಸ್ಸು ವಿಧಿಯಿಂದ ನಿಶ್ಚಿತವಾಗಿದ್ದರೆ ಔಷಧವೇಕೆ ಎಂಬ ಸಂದೇಹವು ಹೊಸದಲ್ಲ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಶಿಷ್ಯನಾದ ಅಗ್ನಿವೇಶನು ಇದನ್ನೇ ಗುರುವಾದ ಆತ್ರೇಯನಲ್ಲಿ ಕೇಳುತ್ತಾನೆ. ದೈವ, ಪುರುಷಪ್ರಯತ್ನ ಎರಡೂ ಆಯುಸ್ಸಿಗೆ ಕಾರಣಗಳೆಂದು ಆತ್ರೇಯನು ಹೇಳಿ, ಬಂಡಿಯ ಅಚ್ಚಿನ ದೃಷ್ಟಾಂತವನ್ನು ಕೊಡುತ್ತಾನೆ. ಗಟ್ಟಿಯಾದ ಅಚ್ಚು ಸರಿಯಾದ ಹೊರೆಯನ್ನು ಹೊತ್ತು ಸರಿಯಾದ ದಾರಿಯಲ್ಲಿ ನಡೆದರೆ ತನ್ನ ಕಾಲ ಮುಗಿದ ಮೇಲೆಯೇ ಸವೆಯುತ್ತದೆ. ಅದೇ ಅಚ್ಚು ಮಿತಿಮೀರಿದ ಹೊರೆಯಿಂದಲೋ, ಹಳ್ಳದಿಣ್ಣೆಯ ದಾರಿಯಿಂದಲೋ ನಡುವೆಯೇ ಮುರಿಯುತ್ತದೆ. ದೇಹವೂ ಹಾಗೆಯೇ.

ಈ ಮಾತು ನಮ್ಮ ಸಿದ್ಧಾಂತಕ್ಕೆ ವಿರುದ್ಧವೇ? ಅಲ್ಲ. ಜೀವನ ಕರ್ತೃತ್ವವು ಹರಿಯ ಅಧೀನವೆಂಬುದು ಶ್ರೀಮದಾಚಾರ್ಯರ ನಿರ್ಣಯ. ಆದರೆ ಅಧೀನವಾದ ಕರ್ತೃತ್ವವು ಇಲ್ಲದ ಕರ್ತೃತ್ವವಲ್ಲ. ಜೀವನ ಪ್ರಯತ್ನವನ್ನು ಅಪೇಕ್ಷಿಸಿಯೇ ಭಗವಂತನು ಫಲವನ್ನು ಕೊಡುತ್ತಾನೆ. ಹಾಗಿಲ್ಲದಿದ್ದರೆ ಶಾಸ್ತ್ರದ ವಿಧಿನಿಷೇಧಗಳಿಗೆ ಅರ್ಥವೇ ಇರುವುದಿಲ್ಲ. “ಹರಿಯೇ ಕಾಯುತ್ತಾನೆ, ಆದಕಾರಣ ಮದ್ದು ಬೇಡ” ಎನ್ನುವವನು “ಹರಿಯೇ ಉಣಿಸುತ್ತಾನೆ, ಆದಕಾರಣ ಅಡುಗೆ ಬೇಡ” ಎನ್ನುವುದಿಲ್ಲವಷ್ಟೆ! ಪ್ರತಿದಿನವೂ ಒಲೆ ಹೊತ್ತಿಸುವವನು ಕಷಾಯದ ವಿಷಯದಲ್ಲಿ ಮಾತ್ರ ದೈವವನ್ನು ಮುಂದಿಡುವುದು ಭಕ್ತಿಯಲ್ಲ, ವಿಚಾರದ ಕೊರತೆ.

ವಾಲ್ಮೀಕಿ ರಾಮಾಯಣದ ಯುದ್ಧಕಾಂಡವನ್ನು ನೆನೆಯೋಣ. ಇಂದ್ರಜಿತುವಿನ ಅಸ್ತ್ರದಿಂದ ಕಪಿಸೇನೆಯು ನೆಲಕ್ಕೊರಗಿದಾಗ, ಜಾಂಬವಂತನು ಓಷಧಿಪರ್ವತದಿಂದ ಮೃತಸಂಜೀವನಿ, ವಿಶಲ್ಯಕರಣಿ ಮೊದಲಾದ ನಾಲ್ಕು ಮೂಲಿಕೆಗಳನ್ನು ತರಲು ಹನುಮಂತದೇವರನ್ನು ಕಳುಹಿಸುತ್ತಾನೆ. ಸರ್ವಸಮರ್ಥನಾದ ಶ್ರೀರಾಮಚಂದ್ರನಿಗೆ ಮೂಲಿಕೆಯಿಂದ ಆಗಬೇಕಾದುದು ಏನೂ ಇಲ್ಲ. ಆದರೂ ಸಾಕ್ಷಾತ್ ಮುಖ್ಯಪ್ರಾಣರೇ ಔಷಧವನ್ನು ಹೊತ್ತು ತಂದರು. ಔಷಧಸೇವನೆಯು ಹರಿನಂಬಿಕೆಗೆ ಕುಂದೆಂದಾದರೆ ಈ ಸೇವೆಗೆ ಏನು ಹೇಳೋಣ? ಮೂಲಿಕೆಯ ಶಕ್ತಿಯೂ, ವೈದ್ಯನ ಬುದ್ಧಿಯೂ, ತರುವವನ ಬಲವೂ ಹರಿಯವೇ ಎಂದು ತಿಳಿದು ಔಷಧವನ್ನು ಸೇವಿಸುವುದೇ ಸರಿಯಾದ ಮಾರ್ಗ. ಧನ್ವಂತರಿಯು ವಿಷ್ಣುವಿನ ಅವತಾರವೆಂದು ಪೂಜಿಸುವ ನಾವು, ಜಗನ್ನಾಥದಾಸರ ಉದರವ್ಯಾಧಿಯ ಸಂದರ್ಭದಲ್ಲಿ ಗೋಪಾಲದಾಸರು ಧನ್ವಂತರಿ ಸುಳಾದಿಯನ್ನು ರಚಿಸಿದರೆಂಬ ಸಂಪ್ರದಾಯವನ್ನು ನೆನೆಯುವ ನಾವು, ಆರೋಗ್ಯವನ್ನು ಬೇಡುವುದು ತಪ್ಪೆಂದು ಹೇಳಲಾರೆವು.

ಇನ್ನು ವ್ರತದ ಮಾತು. ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ, ಶಾಸ್ತ್ರವಿಹಿತವಲ್ಲದ ಘೋರತಪಸ್ಸಿನಿಂದ ದೇಹವನ್ನೂ ಅದರೊಳಗಿರುವ ತನ್ನನ್ನೂ ಕೃಶಗೊಳಿಸುವವರನ್ನು ಶ್ರೀಕೃಷ್ಣನು ನಿಂದಿಸುತ್ತಾನೆ. ಹದಿನೈದನೆಯ ಅಧ್ಯಾಯದಲ್ಲಿ, ವೈಶ್ವಾನರನಾಗಿ ಪ್ರಾಣಿಗಳ ದೇಹದಲ್ಲಿದ್ದು ನಾಲ್ಕು ಬಗೆಯ ಅನ್ನವನ್ನು ಪಚನಮಾಡುವವನು ತಾನೇ ಎನ್ನುತ್ತಾನೆ. ಹಾಗಾದರೆ ಈ ದೇಹವು ನಮ್ಮ ಸ್ವತ್ತಲ್ಲ, ಅವನ ಗುಡಿ. ಗುಡಿಯನ್ನು ಪಾಳುಗೆಡಹುವ ಅಧಿಕಾರ ಅರ್ಚಕನಿಗಿಲ್ಲ.

ವಿದುರನೀತಿಯು ವ್ರತವನ್ನು ಕೆಡಿಸದ ಎಂಟನ್ನು ಎಣಿಸುತ್ತದೆ: ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಇಚ್ಛೆ, ಗುರುವಿನ ಮಾತು, ಕೊನೆಯದಾಗಿ ಔಷಧ. ಶಕ್ತರಾದವರು ಇದನ್ನು ನೆವಮಾಡಿಕೊಂಡು ಏಕಾದಶಿಯನ್ನು ಹಣ್ಣುಹಾಲಿನ ಹಬ್ಬವನ್ನಾಗಿ ಮಾಡಬಾರದು. ಅವರಿಗೆ ಹಿರಿಯರು ತೋರಿದ ಶುದ್ಧೋಪವಾಸವೇ ಮಾರ್ಗ. ಅಶಕ್ತರಿಗಾದರೋ ಬಾಗಿಲನ್ನು ಶಾಸ್ತ್ರವೇ ತೆರೆದಿದೆ. ಅತ್ತೆಯವರ ಪ್ರಶ್ನೆಗೆ ಉತ್ತರ ಇಲ್ಲಿತ್ತು.

ಈಗ ತರುಣನ ಮಾತನ್ನು ವಿಚಾರಿಸೋಣ. ಅಗಸೆ, ನೆಲ್ಲಿಗಳ ಗುಣ ಅವನು ಹೇಳಿದಂತೆಯೇ ನಿಜ. ಆದರೆ ಗುಣವೇ ಪ್ರಯೋಜನವೆಂದು ಹೇಳಿದರೆ, ನಾಳೆ ಸಿ ಜೀವಸತ್ವದ ಮಾತ್ರೆ ಸಿಕ್ಕಿದಾಗ ನೆಲ್ಲಿಯೂ ಬೇಡ, ದ್ವಾದಶಿಯೂ ಬೇಡವೆಂದಾಗುತ್ತದೆ. ಆರೋಗ್ಯಕ್ಕಾಗಿ ಹಿಡಿದ ವ್ರತವು ಆರೋಗ್ಯಕ್ಕೆ ಬೇರೊಂದು ಸುಲಭೋಪಾಯ ಕಂಡೊಡನೆ ಕೈಬಿಡುತ್ತದೆ. ಹಾಲು ಆರೋಗ್ಯಕರವೆಂದು ಎಲ್ಲರೂ ಬಲ್ಲರು; ಆದರೂ ಚಾತುರ್ಮಾಸ್ಯದ ಕ್ಷೀರವ್ರತದಲ್ಲಿ ಅದನ್ನೇ ಬಿಡುತ್ತೇವೆ. ಬಿಡುವುದು ಹರಿಪ್ರೀತಿಗಾಗಿ. ಆರೋಗ್ಯವು ಜೊತೆಯಲ್ಲಿ ಬಂದರೆ ಅದು ಪ್ರಸಾದ. ಬಾರದಿದ್ದರೆ ವ್ರತಕ್ಕೆ ನಷ್ಟವಿಲ್ಲ.

ತುಳಸಿಯ ವಿಷಯವೂ ಇಂತಹುದೇ. ಕೆಮ್ಮುನೆಗಡಿಗೆ ಅದರ ರಸ ಒಳ್ಳೆಯದೆಂದು ಅಜ್ಜಿಯರೆಲ್ಲ ಬಲ್ಲರು. ಆದರೂ ಅವರು ಸ್ನಾನವಿಲ್ಲದೆ ಮುಟ್ಟಲಿಲ್ಲ, ದ್ವಾದಶಿಯಂದು ಕೊಯ್ಯಲಿಲ್ಲ. ಅಮೃತಕಲಶವನ್ನು ಹಿಡಿದ ಧನ್ವಂತರಿಯ ಆನಂದಬಾಷ್ಪದಿಂದ ಹುಟ್ಟಿದವಳೆಂದು ನಂಬಿದ ಗಿಡದಿಂದ ಎಲೆ ಪಡೆಯುವ ಮುನ್ನ ಕೈ ಮುಗಿದರು. ಉಪಯೋಗವನ್ನು ಬಲ್ಲರು, ಆದರೆ ಉಪಯೋಗಕ್ಕಿಂತ ಹಿರಿದಾದುದನ್ನು ಕಂಡರು.

ಗಿಡಮೂಲಿಕೆಯೆಲ್ಲ ನಿರಪಾಯವೆಂಬುದು ಇಂದಿನ ಇನ್ನೊಂದು ಭ್ರಮೆ. ಕೊರೋನಾ ಕಾಲದಲ್ಲಿ ಮನೆಮನೆಯಲ್ಲಿಯೂ ಅಮೃತಬಳ್ಳಿಯ ಕಷಾಯ ಕುದಿಯಿತು. 2021ರಲ್ಲಿ ಮುಂಬಯಿಯ ವೈದ್ಯರು ಅದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ತೊಂದರೆ ಕಂಡುದಾಗಿ ಪ್ರಕಟಿಸಿದರು. ಆಯುಷ್ ಸಚಿವಾಲಯವು ಇದನ್ನು ಒಪ್ಪದೆ, ಅದೇ ಕುಲದ ಬೇರೆ ಬಳ್ಳಿಯನ್ನು ಅಮೃತಬಳ್ಳಿಯೆಂದು ಭ್ರಮಿಸಿರಬಹುದೆಂದಿತು. ಯಾರ ಮಾತು ಹೇಗೇ ಇರಲಿ, ಗಿಡದ ಗುರುತು, ಪ್ರಮಾಣ, ಸೇವಿಸುವವನ ಪ್ರಕೃತಿ ಈ ಮೂರನ್ನೂ ಅರಿಯದೆ ಮದ್ದು ಕುಡಿಯಬಾರದೆಂಬುದು ಎರಡು ಕಡೆಯಿಂದಲೂ ಸಿದ್ಧವಾಗುತ್ತದೆ. ಆಯುರ್ವೇದದ ಮತವೂ ಅದೇ. ವಾಗ್ಭಟನು ಅಷ್ಟಾಂಗಹೃದಯದ ದಿನಚರ್ಯಾಧ್ಯಾಯದಲ್ಲಿ ಬ್ರಾಹ್ಮಮುಹೂರ್ತದಲ್ಲಿ ಏಳಬೇಕೆಂದು ಹೇಳುವಾಗ “ಸ್ವಸ್ಥನು” ಎಂಬ ಪದವನ್ನು ಸೇರಿಸುತ್ತಾನೆ. ಎಣ್ಣೆಸ್ನಾನವನ್ನು ಹೊಗಳಿ, ಅಜೀರ್ಣವುಳ್ಳವನಿಗೆ ಅದು ಸಲ್ಲದೆನ್ನುತ್ತಾನೆ. ವ್ಯಾಯಾಮವನ್ನು ಅರ್ಧಶಕ್ತಿಯಷ್ಟೇ ಮಾಡೆನ್ನುತ್ತಾನೆ. ಅದೇ ಅಧ್ಯಾಯದಲ್ಲಿ ಹಿಂಸೆ, ಕಳವು, ಸುಳ್ಳು ಮೊದಲಾದ ಹತ್ತು ಪಾಪಗಳನ್ನು ಬಿಡಬೇಕೆಂದು ವಿಧಿಸುತ್ತಾನೆ. ಹಲ್ಲುಜ್ಜುವುದರಿಂದ ಆರಂಭವಾದ ಅಧ್ಯಾಯವು ಮನಶ್ಶುದ್ಧಿಯವರೆಗೆ ಬರುವುದನ್ನು ಗಮನಿಸಬೇಕು. ಶ್ರೀಮದಾಚಾರ್ಯರ ಸದಾಚಾರಸ್ಮೃತಿಯೂ ದಿನದ ನಡೆಯನ್ನೇ ಕುರಿತದ್ದು. ಆದರೆ ಅಲ್ಲಿ ಪ್ರತಿಯೊಂದು ಕ್ರಿಯೆಯೂ ವಿಷ್ಣುಸ್ಮರಣೆಗೆ ಅಂಗ. ವೈದ್ಯನು ಆಯುಸ್ಸನ್ನು ಕಾಪಾಡುವ ದಾರಿಯನ್ನು ಹೇಳಿದನು. ಉಳಿದ ಆಯುಸ್ಸು ಏತಕ್ಕೆಂಬುದನ್ನು ಆಚಾರ್ಯರು ತಿಳಿಸಿದರು.

ಕೊನೆಯದಾಗಿ ಒಂದು ಮಾತು. ನಮ್ಮ ತುಮಕೂರಿನ ಸಮೀಪದ ದೇವರಾಯನದುರ್ಗದಲ್ಲಿ ಬೆಟ್ಟದ ಮೇಲೆ ಯೋಗನರಸಿಂಹ, ಕೆಳಗೆ ಭೋಗನರಸಿಂಹ. ಸುತ್ತಣ ಕಾಡು ಮೂಲಿಕೆಗಳಿಗೆ ಹೆಸರಾದುದು. ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟವೂ ಅಂತಹುದೇ. ಮಜ್ಜಿಗೆಯಲ್ಲಿ ನೆನೆಸಿ ಉಪ್ಪಿನಕಾಯಿ ಹಾಕುವ ಮಾಕಳಿ ಬೇರಿನ ಪರಿಮಳ ನಮ್ಮ ಮನೆಗಳಿಗೆ ಪರಿಚಿತ. ಬಯಲುಸೀಮೆಯ ಬಂಡೆಗುಡ್ಡಗಳ ಸಂದಿಯಲ್ಲಿ ಬೆಳೆಯುವ ಈ ಬಳ್ಳಿಯ ಬೇರನ್ನೆಲ್ಲ ಅಗೆದರೆ ಬಳ್ಳಿಯೇ ಸಾಯುತ್ತದೆ. ಅತಿಯಾಗಿ ಅಗೆದುದರಿಂದ ಅದು ವಿರಳವಾಗುತ್ತ ಬಂದಿದೆ. ಹನುಮಂತದೇವರು ಕಾರ್ಯ ಮುಗಿದ ಮೇಲೆ ಓಷಧಿಪರ್ವತವನ್ನು ಹಿಮವಂತಕ್ಕೆ ಮರಳಿ ಒಯ್ದರೆಂದು ವಾಲ್ಮೀಕಿಗಳು ಹೇಳುತ್ತಾರೆ. ನಾವು ತಂದುದನ್ನು ಮಾತ್ರ ಬಲ್ಲೆವು, ಮರಳಿಸಿದುದನ್ನು ಮರೆತಿದ್ದೇವೆ. ಹಿತ್ತಲಿನಲ್ಲಿ ಒಂದು ಅಗಸೆ, ಒಂದು ನೆಲ್ಲಿ, ಕುಂಡದಲ್ಲಾದರೂ ಒಂದು ದೊಡ್ಡಪತ್ರೆಯನ್ನು ನೆಡುವುದು ಆ ಋಣದ ಅಲ್ಪಾಂಶವನ್ನು ತೀರಿಸಿದಂತೆ.

ಅತ್ತೆಯವರನ್ನು ಮುಂದೆ ತುಮಕೂರಿನ ಹಿರಿಯ ಆಚಾರ್ಯರೊಬ್ಬರ ಬಳಿಗೆ ಕರೆದೊಯ್ದೆವು. ಅವರು ಎಲ್ಲವನ್ನೂ ಕೇಳಿ, “ತಾಯೀ, ವೈದ್ಯರು ಹೇಳಿದಷ್ಟು ಹಣ್ಣುಹಾಲು ತೆಗೆದುಕೊಳ್ಳಿ. ಅದು ಊಟವಲ್ಲ, ಔಷಧ. ಬಿಡಬೇಕಾದುದು ಬೇರೆ ಬಹಳವಿದೆ, ಅದನ್ನು ಬಿಡಿ” ಎಂದರು. ಈಗ ಅತ್ತೆಯವರು ಏಕಾದಶಿಯಂದು ವೈದ್ಯರು ಬದಲಿಸಿಕೊಟ್ಟ ಪ್ರಮಾಣದಲ್ಲಿ ಮಾತ್ರೆಯನ್ನೂ, ಹೇಳಿದ ವೇಳೆಗೆ ಹಾಲನ್ನೂ ತೆಗೆದುಕೊಳ್ಳುತ್ತಾರೆ. ಅಂದು ಯಾರ ಮೇಲೂ ದೂರು ಹೇಳುವುದಿಲ್ಲ, ಸೊಸೆಯ ಅಡುಗೆಯಲ್ಲಿ ದೋಷ ಹುಡುಕುವುದಿಲ್ಲ. “ಅನ್ನ ಬಿಡುವುದೇ ಸುಲಭವಾಗಿತ್ತು ಕಣೋ” ಎಂದು ನಗುತ್ತಾರೆ.

॥ ಶ್ರೀ ಕೃಷ್ಣಾರ್ಪಣಮಸ್ತು ॥