ಲೈವ್‌ನಲ್ಲಿ ಕಂಡರೆ ಸಾಲದೇ?

2024ರ ಕೊನೆಗೆ ಸಂತ ಫ್ರಾನ್ಸಿಸ್ ಕ್ಸೇವಿಯರರ ಪಾರ್ಥಿವ ಶರೀರದ ದರ್ಶನಕ್ಕೆ ನಮ್ಮವರು ಗೋವಾಕ್ಕೆ ಹೊರಟಾಗ, “ಮೊಬೈಲಿನಲ್ಲೇ ಕಾಣುತ್ತದಲ್ಲ?” ಎಂದು ಕೇಳಿದವನು ನಾನೇ. ಬಿಎಸ್ಸಿ ಓದಿದ ತಲೆ. ಕಾಸರಗೋಡಿನಿಂದ ರೈಲು, ಊಟ, ಎರಡು ದಿನದ ರಜೆ ಎಂದು ಲೆಕ್ಕ ಹಾಕಿತ್ತು.

ಕೊನೆಗೆ ಹೋದೆ. ನೋಡುವ ಮಟ್ಟಿಗೆ ನನ್ನ ಲೆಕ್ಕವೇ ಸರಿ. ಗಂಟೆಗಟ್ಟಲೆ ಸಾಲು, ಗಾಜಿನ ಪೆಟ್ಟಿಗೆಯ ಮುಂದೆ ಕೆಲವೇ ಕ್ಷಣ. ಮೊಬೈಲಿನಲ್ಲಿ ಇನ್ನೂ ಸ್ಪಷ್ಟವಾಗಿ ಕಂಡಿತ್ತು. ಆದರೆ ಸಾಲಿನಲ್ಲಿ ಹಿಂದಿದ್ದ ಮರಾಠಿ ಅಜ್ಜಿಯೊಬ್ಬರು ದಣಿದು ನನ್ನ ತೋಳು ಹಿಡಿದರು. ಅವರ ಮಾತು ನನಗೆ ತಿಳಿಯದು, ನನ್ನದು ಅವರಿಗೆ. ಬಾಗಿಲವರೆಗೂ ಹಾಗೇ ನಡೆದೆವು. ಲೈವ್ ಆಗಿದ್ದರೆ ಈ ಭಾಗವನ್ನು ಓಡಿಸಿಬಿಡುತ್ತಿದ್ದೆ.

ಹಾಗಾದರೆ ಹೋಗಲು ಹಣವಿಲ್ಲದವರು? 1927ರಲ್ಲಿ ಪೋಪ್ ಹನ್ನೊಂದನೇ ಪಿಯುಸ್, ಜಪಾನಿನವರೆಗೂ ಅಲೆದ ಕ್ಸೇವಿಯರರಿಗೆ ಸರಿಸಮಾನವಾಗಿ ಬಾಲಯೇಸುವಿನ ಸಂತ ತೆರೇಸಮ್ಮನವರನ್ನೂ ಮಿಷನ್‌ಗಳ ಪಾಲಕಿ ಎಂದು ಸಾರಿದರು. ಹದಿನೈದಕ್ಕೆ ಮಠ ಸೇರಿದ ಅವರು ಸಾಯುವವರೆಗೂ ಹೊರಬರಲಿಲ್ಲ. ದಿನಾ ಸಂಜೆ ಸಿಡುಕಿನ ವೃದ್ಧ ಸಿಸ್ಟರೊಬ್ಬರನ್ನು ಊಟದ ಕೋಣೆಗೆ ಕೈಹಿಡಿದು ನಡೆಸಿದ್ದನ್ನು ಬರೆದಿದ್ದಾರೆ.

ನನಗೆ ಅದಕ್ಕೆ ಗೋವಾ ಬೇಕಾಯಿತು. ರೈಲು ಹತ್ತುವ ಬೆಳಿಗ್ಗೆ ಪೂಜೆ ಮುಗಿಸಿ, ನಮ್ಮದೇ ದೇವಾಲಯದ ಮೆಟ್ಟಿಲಲ್ಲಿ ನಿಧಾನವಾಗಿ ಇಳಿಯುತ್ತಿದ್ದ ಅಜ್ಜಿಯರನ್ನು ದಾಟಿಕೊಂಡೇ ಓಡಿದ್ದೆ.